ಕೆಮಿಸ್ಟ್ರಿಯವಳು ಕಾನೂನು ಓದಿದ್ದು

ತಿರುವನಂತಪುರದ ಒಂದು ಕೋರ್ಟಿನ ಕಟಕಟೆಯಲ್ಲಿ ನಾನು ಸಾಕ್ಷಿಯಾಗಿ ನಿಂತದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅಷ್ಟರೊಳಗೆ, ಆರು ವರ್ಷದಿಂದ ನಾನು ಮಾಡುತ್ತಿದ್ದ ಕೆಲಸಕ್ಕೆ ಆ ಕೋಣೆಯಲ್ಲಿ ಯಾವ ಬೆಲೆಯೂ ಇಲ್ಲವೆಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು.

ಆಗ ನಾನು ಪಟ್ಟಂನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದೆ. ನೀರು, ಎಣ್ಣೆ, ಹಾಲು, ಮೆಣಸಿನ ಪುಡಿ, ಯಾರು ಏನು ತಂದುಕೊಟ್ಟರೂ ಪರೀಕ್ಷೆ ಮಾಡಿ, ವರದಿ ಬರೆದು, ಕೆಳಗೆ ಸಹಿ ಹಾಕುವುದು ನನ್ನ ಕೆಲಸ. ನಾನು ಕಾಸರಗೋಡಿನ ಕಡೆಯವಳು. ಮಿಶನ್ ಚರ್ಚಿನ ಕುಟುಂಬ, ಮನೆಯ ಮಾತೂ ಪ್ರಾರ್ಥನೆಯೂ ಕನ್ನಡದಲ್ಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಂಗಳೂರಿನಲ್ಲಿ ಎಂ.ಎಸ್ಸಿ. ಮೈಸೂರಿನ ಹುಡುಗನನ್ನು ಮದುವೆಯಾಗಿ, ಅವರಿಗೆ ಇಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿದಾಗ ಜೊತೆಗೆ ಬಂದೆ. ಶ್ರೀಕಾರ್ಯಂನಲ್ಲಿ ಬಾಡಿಗೆ ಮನೆ ಮಾಡಿದೆವು. ನಾಲ್ಕು ವರ್ಷದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು.

ಕೇಸು ಬಾವಿಯ ನೀರಿನದು. ಲೋಹದ ಸಾಮಾನಿಗೆ ಹೊಳಪು ಕೊಡುವ ಒಂದು ವರ್ಕ್‌ಶಾಪಿನ ಪಕ್ಕದ ಓಣಿಯಲ್ಲಿ ನಾಲ್ಕೈದು ಮನೆಗಳ ಬಾವಿ ಹಳದಿಗೆ ತಿರುಗಿತ್ತು. ಆ ಓಣಿಯ ಒಬ್ಬ ವಯಸ್ಸಾದ ಹೆಂಗಸು, ಅಲ್ಲಿಯವರೆಲ್ಲ ಅಮ್ಮಚ್ಚಿ ಎಂದು ಕರೆಯುತ್ತಿದ್ದವರು, ಶರಬತ್ತಿನ ಖಾಲಿ ಬಾಟಲಿಯಲ್ಲಿ ನೀರು ತಂದು ನನ್ನ ಮೇಜಿನ ಮೇಲಿಟ್ಟರು. ಪರೀಕ್ಷಿಸಿದೆ. ಕುಡಿಯುವ ನೀರಿನಲ್ಲಿ ಇರಬಾರದಷ್ಟು ಕ್ರೋಮಿಯಂ ಇತ್ತು. ಬರೆದು ಸಹಿ ಹಾಕಿದೆ. ಓಣಿಯವರು ಅದೇ ಕಾಗದವನ್ನು ನಂಬಿಕೊಂಡು ವರ್ಕ್‌ಶಾಪಿನ ಮೇಲೆ ದಾವೆ ಹೂಡಿದರು.

ವರ್ಕ್‌ಶಾಪಿನ ಪರ ವಕೀಲರು ಬಹಳ ಮೆತ್ತಗೆ ಮಾತಾಡುವ ಮನುಷ್ಯ.

“ಈ ನೀರನ್ನು ಬಾವಿಯಿಂದ ಸೇದಿದವರು ಯಾರು?”

“ಅವರೇ ಸೇದಿ ತಂದದ್ದು.”

“ಸೇದುವಾಗ ನೀವು ಅಲ್ಲಿದ್ದಿರಾ?”

“ಇಲ್ಲ.”

“ಬಾಟಲಿಗೆ ಸೀಲ್ ಇತ್ತಾ?”

“ಮುಚ್ಚಳ ಇತ್ತು,” ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

“ಹಾಗಾದರೆ ಅದು ಬಾವಿಯ ನೀರೋ, ಚರಂಡಿಯದೋ, ಯಾರಾದರೂ ಏನಾದರೂ ಬೆರೆಸಿದ್ದೋ, ನಿಮಗೆ ಗೊತ್ತಿಲ್ಲ.”

“ಅದು ಗೊತ್ತಿಲ್ಲ. ಆದರೆ ಅದರಲ್ಲಿದ್ದ ಕ್ರೋಮಿಯಂ...”

“ಮಾಡಂ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಇದು ನಿಮ್ಮ ಲ್ಯಾಬ್ ಅಲ್ಲ.”

ಅಷ್ಟೇ. ಹೊರಗೆ ವರಾಂಡದಲ್ಲಿ ಅಮ್ಮಚ್ಚಿ ಕಾಯುತ್ತಿದ್ದರು. ಒಳಗೆ ಇಂಗ್ಲಿಷಿನಲ್ಲಿ ನಡೆದದ್ದು ಅವರಿಗೆ ಅರ್ಥವಾಗಿರಲಿಲ್ಲ. ನನ್ನ ಕೈ ಹಿಡಿದುಕೊಂಡು, ಮಗಳನ್ನು ಕರೆಯುವ ಹಾಗೆ ಕೇಳಿದರು: “ಮೋಳೆ, ಹಾಗಾದರೆ ಆ ನೀರು ಒಳ್ಳೆಯದೇ ಅಂತ ಆಯಿತಾ?”

ಕುಡಿಯಬೇಡಿ ಎಂದಷ್ಟೇ ಹೇಳಿ ಬಸ್ ಸ್ಟಾಪಿಗೆ ನಡೆದೆ. ಆ ವಕೀಲರು ಸುಳ್ಳು ಹೇಳಿದ್ದರೆ ಅವರನ್ನು ಬೈದುಕೊಂಡು ಮನೆಗೆ ಹೋಗಬಹುದಿತ್ತು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ನನ್ನನ್ನು ಸುಟ್ಟಿತು. ನೀರಿನೊಳಗೆ ಏನಿದೆ ಎಂದು ಹೇಳಲು ಗೊತ್ತಿದ್ದವಳಿಗೆ, ಅದನ್ನು ಕೋರ್ಟು ನಂಬುವಂತೆ ಹೇಳಲು ಗೊತ್ತಿರಲಿಲ್ಲ. ಬಸ್ಸಿನಲ್ಲಿ ಶ್ರೀಕಾರ್ಯಂ ತಲುಪುವಷ್ಟರಲ್ಲಿ ನಾನು ನಿರ್ಧಾರ ಮಾಡಿಯಾಗಿತ್ತು.

ಗಂಡ ಚಹಾ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. “ಕೋಪ ಬಂದಿದೆ, ಸರಿ. ಅದಕ್ಕೆ ಮೂರು ವರ್ಷ ಕೂತು ಕಾನೂನು ಓದ್ಬೇಕಾ? ನಿಂಗೀಗ ಮೂವತ್ತೊಂದು ಕಣೇ. ಆರು ತಿಂಗಳಿಗೆ ಕೋಪ ಇಳಿದ್ಬಿಟ್ರೆ ಏನ್ ಮಾಡ್ತೀಯಾ?”

“ಇಳಿಯುವುದಿಲ್ಲ,” ಎಂದೆ.

ಊರಿನಿಂದ ಅಮ್ಮನ ಫೋನು ಇನ್ನೂ ನೇರವಾಗಿತ್ತು. “ನಿನಗೆ ಎಂತ ಮರ್ಲಾ? ಕೈಯಲ್ಲಿ ಒಳ್ಳೆ ಕೆಲಸ ಉಂಟು, ಮನೆಯಲ್ಲಿ ಸಣ್ಣ ಮಗು ಉಂಟು. ಕೋರ್ಟಿನ ಮೆಟ್ಟಿಲು ಹತ್ತುವ ಅವಸ್ಥೆ ಯಾಕೆ ನಿನಗೆ?”

ನಾನು ಯಾರ ಜೊತೆಗೂ ವಾದ ಮಾಡಲಿಲ್ಲ. ಪ್ರವೇಶ ಪರೀಕ್ಷೆಯ ಅರ್ಜಿ ತುಂಬಿದೆ, ಬರೆದೆ, ಸಂಜೆ ತರಗತಿಗೆ ಸೀಟು ಸಿಕ್ಕಿತು. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ನನ್ನ ಪ್ರಮಾಣಪತ್ರಗಳನ್ನು ತಿರುವಿಹಾಕಿ, ಕನ್ನಡಕದ ಮೇಲಿನಿಂದ ನೋಡಿದರು.

“ಎಂ.ಎಸ್ಸಿ. ಕೆಮಿಸ್ಟ್ರಿ. ದಾರಿ ತಪ್ಪಿ ಬಂದಿರಾ?”

“ಇಲ್ಲ ಸಾರ್. ದಾರಿ ಕೇಳಿಕೊಂಡೇ ಬಂದದ್ದು.”

ಸಂಜೆಯ ತರಗತಿಯಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಹಗಲಿಗೆ ಇನ್ನೊಂದು ಕೆಲಸ ಇದ್ದವರು. ಬ್ಯಾಂಕಿನವರು, ಸೆಕ್ರೆಟರಿಯೇಟಿನವರು, ಒಬ್ಬ ನರ್ಸ್. ನನ್ನ ಪಕ್ಕದ ಸೀಟಿನಲ್ಲಿ ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಒಬ್ಬ ಹೆಡ್ ಕಾನ್‌ಸ್ಟೆಬಲ್ ಕೂರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಮೇಲೆ ನರೆಗೂದಲು. ಡಿಗ್ರಿಯನ್ನು ಕೆಲಸದಲ್ಲಿದ್ದಾಗಲೇ ಖಾಸಗಿಯಾಗಿ ಓದಿ ಮುಗಿಸಿದ್ದರಂತೆ. ಅವರನ್ನು ನಾನು ಇಲ್ಲಿಯವರು ಅಣ್ಣನನ್ನು ಕರೆಯುವಂತೆ ಚೇಟ್ಟ ಎಂದು ಕರೆಯತೊಡಗಿದೆ, ಅವರು ನನ್ನನ್ನು ಮೋಳೆ ಎಂದರು.

“ಮೂವತ್ತು ವರ್ಷ ಕಳ್ಳರನ್ನು ಹಿಡಿದೆ,” ಎಂದರು ಮೊದಲ ವಾರ. “ಹಿಡಿದವರಲ್ಲಿ ಎಷ್ಟೋ ಜನ ಕೋರ್ಟಿನಿಂದ ನನ್ನ ಮುಂದೆಯೇ ನಗುತ್ತ ಹೊರಗೆ ಹೋದರು. ಯಾಕೆ ಅಂತ ತಿಳಿದುಕೊಳ್ಳಬೇಕು. ಅದು ತಿಳಿಯದೆ ನಾನು ಸಾಯುವುದಿಲ್ಲ.”

ಕರಾರು ಕಾನೂನಿನ ಅಧ್ಯಾಪಕರು ಮೊದಲ ದಿನ ಒಬ್ಬೊಬ್ಬರನ್ನೂ ಏಳಿಸಿ ಹಿಂದೆ ಏನು ಓದಿದ್ದೆಂದು ಕೇಳಿದರು. ನನ್ನ ಸರದಿ ಬಂದಾಗ ಮುಗುಳ್ನಕ್ಕರು. “ಕೆಮಿಸ್ಟ್ರಿ! ಇಲ್ಲಿ ಸೂತ್ರ ಬಾಯಿಪಾಠ ಮಾಡಿ ಪಾಸಾಗುವುದಕ್ಕೆ ಆಗುವುದಿಲ್ಲ, ಮಾಡಂ. ಇಲ್ಲಿ ಬುದ್ಧಿ ಬೇಕು.”

ಇಡೀ ತರಗತಿ ನಕ್ಕಿತು. ನಾನು ಕೂರಲಿಲ್ಲ. “ಸೂತ್ರ ಕಂಡುಹಿಡಿದವರಿಗೂ ಅದು ಬೇಕಾಗಿತ್ತು ಸಾರ್,” ಎಂದೆ.

ಈ ಸಲ ಯಾರೂ ನಗಲಿಲ್ಲ. ಚೇಟ್ಟ ಮಾತ್ರ ಪುಸ್ತಕದ ಮೇಲೆ ಬಗ್ಗಿ ಕೆಮ್ಮಿದರು.

ಆ ಉತ್ತರದ ಫಲ ನನಗೆ ಮೊದಲ ಆಂತರಿಕ ಪರೀಕ್ಷೆಯಲ್ಲಿ ಸಿಕ್ಕಿತು ಎಂದುಕೊಂಡೆ. ಇಪ್ಪತ್ತೈದಕ್ಕೆ ಹತ್ತು. ಉತ್ತರಪತ್ರಿಕೆಯಲ್ಲಿ ಒಂದೂ ಕೆಂಪು ಗೀಟು ಇರಲಿಲ್ಲ. ಅದನ್ನು ಹಿಡಿದುಕೊಂಡು ನೇರ ಅವರ ಕೋಣೆಗೆ ಹೋದೆ.

“ತಪ್ಪು ಎಲ್ಲಿದೆ ಸಾರ್?”

“ತಪ್ಪಿಲ್ಲ. ಉತ್ತರ ಬೋಳಾಗಿದೆ.”

“ಯಾವ ವಾಕ್ಯ ಸೇರಿಸಬೇಕಿತ್ತು, ಒಂದು ಹೇಳಿ. ಇಲ್ಲೇ ನಿಂತು ಸೇರಿಸುತ್ತೇನೆ.”

ಅವರಿಗೆ ಸಿಟ್ಟು ಬಂತು. ಆದರೂ ಪತ್ರಿಕೆಯನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ನಿಂತೇ ಇದ್ದೆ. ಓದಿ ಮುಗಿಸಿ, ದನಿ ಸ್ವಲ್ಪ ಬದಲಾಯಿಸಿ ಹೇಳಿದರು: “ಎಲ್ಲ ಸರಿ ಬರೆದಿದ್ದೀರಿ. ಆದರೆ ಎದುರು ಕಡೆಯವನು ಏನು ಹೇಳುತ್ತಾನೆ ಅಂತ ಎಲ್ಲೂ ಬರೆದಿಲ್ಲ. ಎದುರಿಗೆ ಒಬ್ಬ ಇದ್ದಾನೆ ಅನ್ನುವುದೇ ನಿಮ್ಮ ತಲೆಗೆ ಹೋಗಿಲ್ಲ. ನಿಮ್ಮ ಲ್ಯಾಬಿನಲ್ಲಿ ಆ್ಯಸಿಡ್ ನಿಮಗೆ ಎದುರುತ್ತರ ಕೊಡುವುದಿಲ್ಲ. ಇಲ್ಲಿ ಕೊಡುತ್ತಾರೆ.”

ಅಂಕ ಏರಿಸಲಿಲ್ಲ. ನಾನು ಕೇಳಲೂ ಇಲ್ಲ. ಅವರು ಹೇಳಿದ್ದು ಸರಿ ಎಂದು ಮೆಟ್ಟಿಲಿಳಿಯುವಾಗಲೇ ಗೊತ್ತಾಯಿತು. ಕಟಕಟೆಯಲ್ಲಿ ನಾನು ಬಿದ್ದದ್ದೂ ಅಲ್ಲೇ. ಅಂದಿನಿಂದ ಪ್ರತಿ ಉತ್ತರದಲ್ಲೂ ನನ್ನನ್ನೇ ವಿರೋಧಿಸುವ ಒಬ್ಬನನ್ನು ಕೂರಿಸಿಕೊಂಡು ಬರೆಯತೊಡಗಿದೆ. ಆ ಅಧ್ಯಾಪಕರನ್ನು ಇಷ್ಟಪಡಲು ಮಾತ್ರ ನನಗೆ ಕೊನೆಯವರೆಗೂ ಆಗಲಿಲ್ಲ.

ಚೇಟ್ಟನಿಂದ ಕಲಿತದ್ದು ಪುಸ್ತಕದಲ್ಲಿ ಇಲ್ಲದ ವಿದ್ಯೆ. ತರಗತಿ ಶುರುವಾಗುವ ಮೊದಲು ಕ್ಯಾಂಟೀನಿನಲ್ಲಿ ಪಳಂಪೊರಿ ತಿನ್ನುತ್ತ, ಬಾಳೆಹಣ್ಣಿನ ಆ ಬಿಸಿ ಬಜ್ಜಿಯ ಎಣ್ಣೆ ಅಂಟಿದ ಬೆರಳಿನಲ್ಲೇ ಅವರು ಮಹಜರು ಬರೆಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ಬಾಟಲಿಯ ಬಾಯಿಗೆ ಬಟ್ಟೆ ಸುತ್ತುವುದು, ದಾರದ ಗಂಟಿನ ಮೇಲೆಯೇ ಅರಗು ಬೀಳಬೇಕು, ಅರಗಿನ ಮೇಲೆ ಮುದ್ರೆ. ಎಲ್ಲಿಂದ, ಎಷ್ಟು ಗಂಟೆಗೆ, ಯಾರ ಎದುರು ತೆಗೆದದ್ದೆಂದು ಅಲ್ಲೇ ನಿಂತು ಬರೆದು ಇಬ್ಬರ ಸಹಿ ಪಡೆಯುವುದು.

“ಮನೆಗೆ ಬಂದು ಬರೆದರೆ ಅದು ಕಥೆ,” ಎನ್ನುತ್ತಿದ್ದರು. “ಅಲ್ಲೇ ನಿಂತು ಬರೆದರೆ ಮಹಜರು.”

ಎರಡನೆಯ ವರ್ಷ ನಮ್ಮ ಲ್ಯಾಬಿಗೆ ಫೋರ್ಟ್ ಕೊಚ್ಚಿಯ ಒಂದು ಹೋಟೆಲಿನ ಕೆಲಸ ಬಂತು. ಹಳೆಯ ಬಂಗಲೆಯನ್ನು ಹೋಟೆಲ್ ಮಾಡಿದ್ದರು, ವಿದೇಶದವರೇ ಹೆಚ್ಚು ಬರುವ ಜಾಗ. ಅವರಿಗೆ ನೀರು ಶುದ್ಧವಾಗಿದೆ ಎಂಬ ಪ್ರಮಾಣಪತ್ರ ಬೇಕಿತ್ತು. ನಮ್ಮ ಮಾಲೀಕರು ನನ್ನನ್ನೇ ಕಳಿಸಿದರು. ಬೆಳಗಿನ ರೈಲಿನಲ್ಲಿ ಎರ್ನಾಕುಳಂ, ಅಲ್ಲಿಂದ ಬೋಟು. ಐಸ್ ಪೆಟ್ಟಿಗೆ, ಬಾಟಲಿಗಳು, ಜೊತೆಗೆ ಅರಗು, ದಾರ, ಬಿಳಿ ಬಟ್ಟೆ. ಲ್ಯಾಬಿನಲ್ಲಿ ಯಾರೂ ಹೀಗೆಲ್ಲ ಒಯ್ಯುತ್ತಿರಲಿಲ್ಲ.

ಹೋಟೆಲಿನ ಮ್ಯಾನೇಜರು ನನ್ನನ್ನು ಊಟದ ಕೋಣೆಯ ನೀರಿನ ಫಿಲ್ಟರಿನ ಬಳಿಗೆ ಕರೆದುಕೊಂಡು ಹೋದರು. “ಇಲ್ಲಿಂದ ತೆಗೆದುಕೊಳ್ಳಿ.” ನಾನು ಅಡುಗೆಗೆ ಯಾವ ನೀರು ಎಂದು ಕೇಳಿದೆ. ಎಲ್ಲ ಒಂದೇ ಎಂದರು. ಅಷ್ಟರಲ್ಲಿ ಮನೆಯಿಂದ ಫೋನು ಬಂತು, ಎರಡು ಮಾತು ಕನ್ನಡದಲ್ಲಿ ಆಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಡುಗೆಯವರು, ಐವತ್ತರ ಹತ್ತಿರದ ಮನುಷ್ಯ, ಸೊಂಟದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು.

“ಅಕ್ಕ, ನೀವು ಕನ್ನಡದವರಾ? ನಂದು ಕುಂದಾಪುರದ ಹತ್ರ.”

“ಅಡುಗೆಗೆ ನೀರು ಎಲ್ಲಿಂದ ಅಣ್ಣ?”

“ಹಿಂದೆ ಬಾವಿ ಉಂಟಲ್ಲ, ಅದೇ. ಪಂಪು ಹಾಕಿ ಟ್ಯಾಂಕಿಗೆ ಬಿಡ್ತಾರೆ. ಬನ್ನಿ, ತೋರಿಸ್ತೇನೆ.”

ಬಾವಿ ಇದ್ದದ್ದು ಪಾಯಿಖಾನೆಯ ಗುಂಡಿಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ. ಅಡುಗೆಮನೆಯ ನಲ್ಲಿಯಿಂದ ನೀರು ಹಿಡಿದೆ, ಬಟ್ಟೆ ಕಟ್ಟಿದೆ, ಅರಗು ಕಾಯಿಸಿ ಮುದ್ರೆ ಒತ್ತಿದೆ, ಅಲ್ಲೇ ನಿಂತು ಎರಡು ಪ್ರತಿ ಬರೆದೆ. ಮ್ಯಾನೇಜರು ನನ್ನ ಈ ಸಂಭ್ರಮ ನೋಡಿ ನಗುತ್ತ, ಓದದೆ ಸಹಿ ಹಾಕಿದರು. ಅಡುಗೆಯವರು ಓದಿಸಿ ಕೇಳಿಕೊಂಡು, ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು.

ಮೂರು ದಿನದಲ್ಲಿ ಫಲಿತಾಂಶ ಬಂತು. ಆ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇತ್ತು. ನಾಲ್ಕನೆಯ ದಿನ ಮಾಲೀಕರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಹೊಸದೊಂದು ಬಾಟಲಿ ಇತ್ತು.

“ಹೋಟೆಲಿನವರು ಇನ್ನೊಂದು ಸ್ಯಾಂಪಲ್ ಕಳಿಸಿದ್ದಾರೆ. ಇದನ್ನು ಪರೀಕ್ಷೆ ಮಾಡಿ, ನೀವು ಕೊಚ್ಚಿಗೆ ಹೋದ ದಿನದ ತಾರೀಕು ಹಾಕಿ, ನೀವೇ ಹೋಗಿ ತೆಗೆದದ್ದು ಅಂತ ಬರೆದುಬಿಡಿ.”

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಯಂತ್ರಗಳನ್ನು ನಡೆಸುವುದು ನನಗೆ ಕಲಿಸಿದವರು ಅವರೇ. ಮಗಳಿಗೆ ಜ್ವರ ಬಂದಾಗ ಕೇಳದೆಯೇ ರಜೆ ಕೊಟ್ಟವರು. ಆದ್ದರಿಂದಲೇ ಅವರೆದುರು ‘ಇಲ್ಲ’ ಎನ್ನುವುದು ಯಾವ ವಕೀಲರ ಎದುರಿಗಿಂತಲೂ ಕಷ್ಟವಾಯಿತು. ನಾನು ಬಾಟಲಿ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದೆ. ನೀರು ಶುದ್ಧವಾಗಿತ್ತು. ಹಾಗಾಗಿ ಎರಡು ವರದಿ ಬರೆದೆ. ಒಂದರಲ್ಲಿ, ನಾನು ಮಹಜರು ಮಾಡಿ ತಂದ ನೀರು ಕುಡಿಯಲು ಯೋಗ್ಯವಲ್ಲ. ಇನ್ನೊಂದರಲ್ಲಿ, ಗ್ರಾಹಕರು ಕಳಿಸಿಕೊಟ್ಟ ನೀರು ಯೋಗ್ಯವಾಗಿದೆ, ಅದು ಎಲ್ಲಿಯದೆಂದು ಪ್ರಯೋಗಾಲಯಕ್ಕೆ ತಿಳಿದಿಲ್ಲ. ಎರಡನ್ನೂ ಅವರ ಮುಂದಿಟ್ಟೆ.

ಅವರು ಓದಿ ಮುಖ ಕೆಂಪು ಮಾಡಿಕೊಂಡರು. “ನೀವು ಇನ್ನೂ ವಕೀಲರಾಗಿಲ್ಲ.”

“ಇಲ್ಲ ಸಾರ್. ಆದರೆ ಸಹಿ ನನ್ನದಲ್ಲವಾ? ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದವರಿಗೆ ಸುಳ್ಳು ಸಾಕ್ಷಿ ಹೇಳಿದವರಿಗಿರುವ ಶಿಕ್ಷೆಯೇ ಅಂತ ಈಗಷ್ಟೇ ಓದಿದ್ದೇನೆ. ನಾನು ಒಂದು ಸಲ ಕಟಕಟೆ ಹತ್ತಿ ಇಳಿದವಳು. ಇನ್ನೊಂದು ಸಲ ಸುಳ್ಳು ಹಿಡಿದುಕೊಂಡು ಹತ್ತುವುದಿಲ್ಲ.”

“ಆ ಸಹಿ ನೋಡಿ,” ಎಂದು ಅವರು ಮಹಜರನ್ನು ನನ್ನತ್ತ ತಳ್ಳಿದರು. “ಇದು ಯಾವ ಭಾಷೆ? ಇದನ್ನು ಇಲ್ಲಿ ಯಾರು ಓದುತ್ತಾರೆ?”

“ಹಾಕಿದವರು ಓದುತ್ತಾರೆ ಸಾರ್. ಅಷ್ಟು ಸಾಕು.”

ಅವರು ಎರಡೂ ವರದಿಗಳನ್ನು ಬದಿಗೆ ಸರಿಸಿದರು. ಕೊನೆಗೆ ಅವರು ಹೇಳಿದರು: “ಆ ಕ್ಲಾಸಿಗೆ ಹೋಗಲು ಶುರುಮಾಡಿದಾಗಿನಿಂದ ನಿಮ್ಮ ತಲೆ ಕೆಟ್ಟಿದೆ. ಒಂದೋ ಕ್ಲಾಸು ಬಿಡಿ, ಇಲ್ಲವೇ ಈ ಕೆಲಸ ಬಿಡಿ.”

ನಾನು ಬಿಳಿ ಕೋಟು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟೆ. ಎರಡೂ ವರದಿಗಳ ಒಂದೊಂದು ಪ್ರತಿ ನನ್ನ ಚೀಲದಲ್ಲಿದೆಯೆಂದು ಹೇಳಿದೆ. ಹೊರಗೆ ಬಂದು ಪಟ್ಟಂನ ಅಂಚೆ ಕಚೇರಿಗೆ ನಡೆದು, ಮೊದಲ ವರದಿಯನ್ನೂ ಮಹಜರನ್ನೂ ಹೋಟೆಲಿನ ಮ್ಯಾನೇಜರಿಗೆ ರಿಜಿಸ್ಟರ್ ಮಾಡಿ ಕಳಿಸಿದೆ. ಇನ್ನು ಅವರು ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ. ಲಕೋಟೆಗೆ ಅಂಟು ಸರಿಯಾಗಿಯೇ ಹಚ್ಚಿದ್ದೆ.

ಎರಡು ವಾರದ ಮೇಲೆ ಆ ಅಡುಗೆಯವರ ಫೋನು ಬಂತು. ನನ್ನ ನಂಬರು ಮಹಜರಿನಲ್ಲಿತ್ತು. “ಅಕ್ಕ, ಮ್ಯಾನೇಜರ್ರು ಕರೆದು ಕೇಳಿದ್ರು, ಈ ಸಹಿ ನಿಂದಾ ಅಂತ. ಹೌದು ನಂದೇ, ನಲ್ಲಿ ತೋರಿಸಿದ್ದೂ ನಾನೇ ಅಂದೆ.” ಬಾವಿಯ ಪಂಪು ಬಿಚ್ಚಿ, ಅಡುಗೆಗೆ ಮುನಿಸಿಪಾಲಿಟಿ ನೀರು ತರಿಸುತ್ತಿದ್ದಾರೆ ಎಂದರು. ನನಗೆ ಖುಷಿಯಾಯಿತು. ಆಮೇಲೆ ಅವರೇ ನಿಧಾನಕ್ಕೆ ಹೇಳಿದರು, ತಾನು ಈಗ ಅಲ್ಲಿಲ್ಲ, ಬೇರೆ ಹೋಟೆಲಿಗೆ ಬಂದಿದ್ದೇನೆ ಎಂದು.

“ನನ್ನಿಂದ ನಿಮ್ಮನ್ನು ಬಿಡಿಸಿದರಾ ಅಣ್ಣ?”

“ಬಿಡಿಸಿದ್ರು ಅನ್ಬೇಡಿ. ನಾನೇ ಬಿಟ್ಟೆ ಅಂತ ಹೇಳಿ. ಆ ನೀರಲ್ಲಿ ಐದು ವರ್ಷ ಸಾರು ಕುದಿಸಿದ್ದೆ ಅಕ್ಕ. ಗೊತ್ತಾದ ಮೇಲೆ ಅಲ್ಲಿ ನಿಲ್ಲೋದು ಹ್ಯಾಗೆ?”

ನನ್ನ ಹಟಕ್ಕೆ ನಾನು ತೆತ್ತದ್ದು ನನ್ನ ಕೆಲಸ. ಅವರು ತೆತ್ತದ್ದು ನಾನು ಕೇಳಿದ ಒಂದು ಸಹಿಗಾಗಿ. ಇದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಸರಿಹೋಗಿಲ್ಲ. ಆದರೂ ಆ ದಿನ ಮತ್ತೆ ಬಂದರೆ ಮತ್ತೆ ಆ ಸಹಿ ಕೇಳುತ್ತೇನೆ.

ಲ್ಯಾಬಿನವರು ಅನುಭವ ಪತ್ರ ಕೊಡಲಿಲ್ಲ. ಎರಡು ಸಲ ಹೋದೆ, ಎರಡು ಸಲವೂ ನಾಳೆ ಎಂದರು. ಮೂರನೆಯ ಸಲ ಹೋಗದೆ, ಪತ್ರ ಬರೆದೆ. ಚೇಟ್ಟ ಓದಿ ನೋಡಿ ‘ದಯವಿಟ್ಟು’ ಎಂದಿದ್ದ ಕಡೆಯೆಲ್ಲ ಪೆನ್ಸಿಲಿನಿಂದ ಗೀಟು ಹಾಕಿದರು. “ಕೇಳುವುದು ನಿನ್ನ ಹಕ್ಕು, ಮೋಳೆ. ಒಂದು ಸಲ ದಯವಿಟ್ಟು ಸಾಕು.” ಹತ್ತು ದಿನದಲ್ಲಿ ಅಂಚೆಯಲ್ಲಿ ಪ್ರಮಾಣಪತ್ರ ಬಂತು. ಕೊನೆಯ ಸಾಲಿನಲ್ಲಿ ನನ್ನ ನಡತೆ ತೃಪ್ತಿಕರ ಎಂದಿತ್ತು.

ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಒಂದು ಮಧ್ಯಾಹ್ನ ನಾನು ಆ ಹಳದಿ ಬಾವಿಗಳ ಓಣಿಗೆ ಹೋದೆ. ಹೋಗಬೇಕೆಂದು ಎರಡು ವರ್ಷದಿಂದ ಅಂದುಕೊಂಡು ಹೋಗದೆ ಉಳಿದಿದ್ದೆ. ಅಮ್ಮಚ್ಚಿ ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದರು. ಬಾವಿಯ ಮೇಲೆ ಕಾಂಕ್ರೀಟು ಮುಚ್ಚಳ ಬಿದ್ದಿತ್ತು. ವರ್ಕ್‌ಶಾಪು ಇದ್ದಲ್ಲೇ ಇತ್ತು.

“ಕೇಸು ಸೋತೆವು, ಮೋಳೆ. ಆಮೇಲೆ ಹತ್ತು ಸಲ ನೀರಿನ ಕಚೇರಿಗೆ ಹೋಗಿ ಕೂತು ನಲ್ಲಿ ಹಾಕಿಸಿಕೊಂಡೆವು,” ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕತ್ತಿ ಎತ್ತಿ ತಡೆದರು. “ಕೋರ್ಟು ನಿನ್ನ ಕಾಗದವನ್ನು ನಂಬಲಿಲ್ಲ. ನಾನು ನಂಬಿದೆ. ಅವತ್ತಿನಿಂದ ಆ ನೀರು ಯಾರ ಬಾಯಿಗೂ ಹೋಗಲಿಲ್ಲ.” ಬೇಯಿಸಿದ ಗೆಣಸನ್ನು ಹಸಿಮೆಣಸಿನ ಚಟ್ನಿಯ ಜೊತೆ ತಿನ್ನಿಸಿಯೇ ಕಳಿಸಿದರು.

ಮೂರನೆಯ ವರ್ಷ ಶುರುವಾಗುವ ಹೊತ್ತಿಗೆ ಗಂಡನಿಗೆ ಕೊಚ್ಚಿಗೆ ವರ್ಗವಾಯಿತು. ಅಲ್ಲಿಯ ಕಾಲೇಜಿಗೆ ಸೇರಿದರೆ ನನಗೆ ಒಂದು ವರ್ಷ ನಷ್ಟ.

“ಒಂದು ವರ್ಷ ತಾನೇ,” ಎಂದರು ಗಂಡ. “ಹೇಗೂ ಕೆಲಸ ಇಲ್ಲ ನಿಂಗೆ.”

“ಹೌದು, ಒಂದು ವರ್ಷ ತಾನೇ. ನೀವು ಹೋಗಿ. ನಾನು ಇಲ್ಲೇ ಮುಗಿಸಿ ಬರ್ತೇನೆ.”

ಮದುವೆಯಾದ ಮೇಲೆ ನಾವು ಅಷ್ಟು ದೊಡ್ಡ ಜಗಳ ಆಡಿರಲಿಲ್ಲ.  ನಾಲ್ಕನೆಯ ದಿನ ಅವರು ಎರಡು ಪೆಟ್ಟಿಗೆ ತುಂಬಿಕೊಂಡು ಒಬ್ಬರೇ ಹೊರಟರು. ಹೊರಡುವಾಗ ಗ್ಯಾಸ್ ಬುಕ್ ಮಾಡುವ ನಂಬರನ್ನು ಗೋಡೆಗೆ ಅಂಟಿಸಿ ಹೋದರು. ಅದು ಒಪ್ಪಿಗೆಯೋ ಕೋಪವೋ ನನಗೆ ಗೊತ್ತಾಗಲಿಲ್ಲ.

ಆ ವಾರವೇ ಮೈಸೂರಿನಿಂದ ಅತ್ತೆಯ ಫೋನು. “ಗಂಡ ಒಂದೂರು, ಹೆಂಡ್ತಿ ಒಂದೂರು. ಜನ ಏನಂತಾರೆ?”

“ಇಲ್ಲಿಯ ಜನ ಮಲಯಾಳದಲ್ಲಿ ಅಂತಾರೆ ಅತ್ತೆ. ಅರ್ಧ ನನಗೆ ಅರ್ಥ ಆಗುವುದೇ ಇಲ್ಲ.”

ಅವರು ಫೋನಿಟ್ಟುಬಿಟ್ಟರು. ಇನ್ನು ನಮ್ಮ ಸಂಬಂಧ ಮುಗಿಯಿತು ಎಂದುಕೊಂಡೆ. ಹದಿನೈದು ದಿನದ ಮೇಲೆ ಅವರು ಒಂದು ಟ್ರಂಕು, ಒಂದು ಡಬ್ಬ ಹುರಿಹಿಟ್ಟು, ಕಪ್ಪು ರಟ್ಟಿನ ತಮ್ಮ ಬೈಬಲ್ಲಿನೊಂದಿಗೆ ಆಟೋದಿಂದ ಇಳಿದರು. ಚಪ್ಪಲಿ ಬಿಡುತ್ತಲೇ ಹೇಳಿದರು: “ನಿನ್ನ ಪರವಾಗಿ ಬಂದಿಲ್ಲ, ತಿಳ್ಕೋ. ಮಗೂಗೋಸ್ಕರ ಬಂದಿದೀನಿ.” ಪರೀಕ್ಷೆ ಮುಗಿಯುವವರೆಗೆ ಅವರು ಹೋಗಲಿಲ್ಲ. ಸಂಜೆ ನಾನು ತರಗತಿಗೆ ಹೊರಡುವಾಗ ಒಂದು ದಿನವೂ ಒಳ್ಳೆಯದಾಗಲಿ ಅನ್ನಲಿಲ್ಲ. ಒಂದು ದಿನವೂ ನನ್ನ ತಟ್ಟೆ ಮುಚ್ಚಿಡದೆ ಮಲಗಲೂ ಇಲ್ಲ.

ಆ ವರ್ಷ ನನ್ನ ಮುಂದಿದ್ದ ದೊಡ್ಡ ಗೋಡೆ ಮಲಯಾಳ ಲಿಪಿ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬಹುದು, ಆದರೆ ಕೆಳಗಿನ ಕೋರ್ಟುಗಳಿಗೆ ಕಲಿಯಲು ಹೋದರೆ ಸಾಕ್ಷಿಗಳ ಹೇಳಿಕೆಗಳೆಲ್ಲ ಮಲಯಾಳದಲ್ಲಿ. ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಮಗಳು ಒಂದನೆಯ ತರಗತಿಯಲ್ಲಿದ್ದಳು. ಅವಳ ಪಠ್ಯಪುಸ್ತಕ ತೆಗೆದುಕೊಂಡು ಜಗಲಿಯಲ್ಲಿ ಅವಳ ಪಕ್ಕದಲ್ಲೇ ಕೂತೆ. ನಾನು ತಪ್ಪಿದಾಗ ಅವಳು ಟೀಚರಿನ ಹಾಗೆ ಸ್ಕೇಲಿನಿಂದ ಪುಟ ತಟ್ಟುತ್ತಿದ್ದಳು. ಅತ್ತೆ ಅಕ್ಕಿ ಆರಿಸುತ್ತ ನೋಡುತ್ತಿದ್ದು, ಒಂದು ದಿನ ಮಗಳನ್ನು ಗದರಿದರು: “ಅವಳಿಗೆ ಹೊಡೀತೀಯಂತೆ, ನೀನು ಮೊದ್ಲು ಕನ್ನಡದ ಒಂದಕ್ಷರ ಓದಿ ತೋರ್ಸು.” ಅಂದಿನಿಂದ ಆ ಜಗಲಿಯಲ್ಲಿ ಇಬ್ಬರು ವಿದ್ಯಾರ್ಥಿನಿಯರಾದರು.

ಪಾಸಾದೆ. ಅಂಕಗಳಲ್ಲಿ ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಚೇಟ್ಟನಿಗೆ ನನಗಿಂತ ಹೆಚ್ಚು ಬಂದಿತ್ತು. ಮನೆ ಖಾಲಿ ಮಾಡಿ ಕೊಚ್ಚಿಗೆ ಬಂದಾಗ ಗಂಡ ಸ್ಟೇಷನ್ನಿನಲ್ಲಿ ನಿಂತಿದ್ದರು. ನನ್ನ ಪುಸ್ತಕದ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು, “ಇಳೀಲಿಲ್ವಲ್ಲ ಕಣೇ ನಿನ್ ಕೋಪ,” ಎಂದರು. ಅಷ್ಟಕ್ಕೇ ನಮ್ಮಿಬ್ಬರ ಜಗಳ ಮುಗಿಯಿತು.

ವಕೀಲರಾಗಿ ನೋಂದಣಿಯಾಗುವ ಸಮಾರಂಭ ಕೊಚ್ಚಿಯಲ್ಲೇ. ಹಾಲಿನ ತುಂಬ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಮಕ್ಕಳು, ಹೊಸ ಕಪ್ಪು ಗೌನುಗಳು, ಕ್ಯಾಮರಾ ಹಿಡಿದ ತಂದೆ ತಾಯಿಯರು. ನಾನು ಗೌನನ್ನು ತೋಳಿನ ಮೇಲೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಒಬ್ಬ ತರುಣ ವಕೀಲ ಬಂದು ವಿನಯದಿಂದ ಹೇಳಿದ: “ಚೇಚ್ಚಿ, ತಾಯಂದಿರಿಗೆ ಹಿಂದಿನ ಸಾಲು.”

“ನನ್ನ ತಾಯಿ ಬಂದಿಲ್ಲ,” ಎಂದೆ. “ಈ ಗೌನು ನನ್ನದೇ.”

ಅವನು ಗಾಬರಿಯಾಗಿ ಪಕ್ಕಕ್ಕೆ ನೋಡಿದ. ಅಲ್ಲಿ ಚೇಟ್ಟ ಕೂತಿದ್ದರು, ಬಿಳಿ ಕೂದಲು ಬಾಚಿ, ಕತ್ತಿಗೆ ಬಿಳಿ ಪಟ್ಟಿ ಕಟ್ಟಿಕೊಂಡು. “ನಾನು ಅಜ್ಜನೂ ಅಲ್ಲ, ಮೋನೆ,” ಎಂದರು ಅವರು. “ನಾನೂ ಇವತ್ತಿನ ಮದುಮಗನೇ.” ಇಬ್ಬರೂ ಎದ್ದು ನಿಂತು ಎಲ್ಲರ ಜೊತೆ ಪ್ರತಿಜ್ಞೆ ಹೇಳಿದೆವು. ಅವರ ದನಿ ಪರೇಡಿನಲ್ಲಿ ಆದೇಶ ಕೊಟ್ಟ ಹಾಗೆ ಹಾಲಿನ ಮೂಲೆಗೆ ಮುಟ್ಟಿತು. ಸಂಜೆ ಅವರು ತಿರುವನಂತಪುರದ ರೈಲು ಹತ್ತಿದರು, ಅಲ್ಲಿ ಮನೆಯ ಮುಂಭಾಗದಲ್ಲೇ ಆಗಲೇ ಬೋರ್ಡು ಹಾಕಿಸಿದ್ದರು.

ನನಗೆ ಬೋರ್ಡು ಹಾಕುವ ಧೈರ್ಯವಿರಲಿಲ್ಲ. ಯಾರಾದರೂ ಹಿರಿಯರ ಕೈಕೆಳಗೆ ಕಲಿಯಬೇಕಿತ್ತು. ಎರ್ನಾಕುಳಂನಲ್ಲಿ ಮೂರು ಆಫೀಸು ಹತ್ತಿ ಇಳಿದೆ. ಒಬ್ಬರು ಮಗಳ ವಯಸ್ಸು ಕೇಳಿದರು, ಒಬ್ಬರು ಗಂಡನಿಗೆ ಮತ್ತೆ ವರ್ಗವಾದರೆ ಏನೆಂದು ಕೇಳಿದರು, ಮೂರನೆಯವರು ಏನೂ ಕೇಳಲಿಲ್ಲ, ತಮಗೆ ಚಿಕ್ಕ ವಯಸ್ಸಿನವರು ಬೇಕು ಎಂದರು. ನಾಲ್ಕನೆಯದು ಬೋಟ್ ಜೆಟ್ಟಿಯ ಹತ್ತಿರ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿ. ಎಪ್ಪತ್ತು ದಾಟಿದ ವಕೀಲರು ನನ್ನ ಕಾಗದಗಳನ್ನು ಮುಟ್ಟಲೂ ಇಲ್ಲ.

“ಮೂವತ್ತೈದು ವಯಸ್ಸು. ಬೇರೆ ಓದು. ಬೇರೆ ಭಾಷೆ. ಮಲಯಾಳ ಓದುತ್ತೀರಾ?”

“ಓದುತ್ತೇನೆ.”

ಒಂದು ಫೈಲು ನನ್ನತ್ತ ಸರಿಸಿದರು. ಕೈಬರಹದ ಸಾಕ್ಷಿ ಹೇಳಿಕೆ, ನಾಲ್ಕು ಪುಟ. “ಗಟ್ಟಿಯಾಗಿ ಓದಿ.”

ಓದಿದೆ. ಒಂದನೆಯ ತರಗತಿಯ ಮಗುವಿನ ಹಾಗೆ, ಅಕ್ಷರ ಕೂಡಿಸಿ ಕೂಡಿಸಿ. ಎರಡನೆಯ ಪುಟದಲ್ಲಿ ಬಾಗಿಲ ಬಳಿ ಕೂತಿದ್ದ ಒಬ್ಬ ಜೂನಿಯರ್ ನಕ್ಕ. ನಾನು ತಲೆ ಎತ್ತಲಿಲ್ಲ, ನಿಲ್ಲಿಸಲೂ ಇಲ್ಲ. ಒಂದು ಪದವನ್ನು ಮೂರು ಸಲ ಹಿಂದೆ ಹೋಗಿ ಓದಿದೆ. ನಾಲ್ಕನೆಯ ಪುಟದ ಕೊನೆಯ ಸಾಲು ಮುಗಿಸಿ ಫೈಲು ಮುಚ್ಚಿದೆ.

“ಈ ಸಾಕ್ಷಿ ಏನು ಹೇಳಿದ?” ಎಂದರು.

“ಜಗಳ ನೋಡಿದೆ ಅಂತ ಹೇಳುತ್ತಾನೆ. ಆದರೆ ಅವನು ನಿಂತದ್ದು ಗೋಡೆಯ ಆಚೆ. ಗೋಡೆ ಎಷ್ಟು ಎತ್ತರ ಅಂತ ಅವನನ್ನು ಯಾರೂ ಕೇಳಿಲ್ಲ.”

ಅವರು ನಕ್ಕಿದ್ದ ಜೂನಿಯರ್ ಕಡೆಗೆ ನೋಡಿದರು. ಅವನು ತನ್ನ ಫೈಲಿನೊಳಗೆ ಮುಖ ಹುದುಗಿಸಿದ. “ಸೋಮವಾರ ಎಂಟು ಗಂಟೆಗೆ ಬನ್ನಿ,” ಎಂದರು ಹಿರಿಯರು.

“ಸಾರ್, ಒಂದು ಮಾತು. ಫೈಲು ಹೊರುವುದಕ್ಕೆ ಮಾತ್ರವಾದರೆ ನಾನು ಬರುವುದಿಲ್ಲ. ಓದುವುದಕ್ಕೂ ಕೊಡಬೇಕು.”

“ಫೈಲು ಹೊರದವರಿಗೆ ಇಲ್ಲಿ ಓದಲು ಸಿಗುವುದಿಲ್ಲ.”

“ಹಾಗಾದರೆ ಎರಡೂ ಮಾಡುತ್ತೇನೆ.”

ಸೋಮವಾರ ಹೋದೆ. ಹೊತ್ತೆ, ಓದಿದೆ, ಮತ್ತೆ ಹೊತ್ತೆ. ಮೂರನೆಯ ವಾರ ಅವರಿಗೆ ಬೇರೆ ಕಡೆ ಕೇಸು ಇದ್ದುದರಿಂದ, ಒಂದು ಮೊಕದ್ದಮೆಗೆ ಮುಂದಿನ ತಾರೀಕು ಕೇಳಿಕೊಂಡು ಬರಲು ನನ್ನನ್ನು ಒಬ್ಬಳನ್ನೇ ಕೋರ್ಟಿಗೆ ಕಳಿಸಿದರು. ಹೇಳಬೇಕಾದದ್ದು ಒಂದೇ ವಾಕ್ಯ. ಕೇಸಿನ ನಂಬರು ಕರೆದಾಗ ಎದ್ದು ನಿಂತು ಆ ವಾಕ್ಯವನ್ನು ಪೂರ್ತಿಯಾಗಿ, ಅಗತ್ಯಕ್ಕಿಂತ ಗಟ್ಟಿಯಾಗಿಯೇ ಹೇಳಿದೆ. ನ್ಯಾಯಾಧೀಶರು ತಲೆ ಎತ್ತದೆ ತಾರೀಕು ಕೊಟ್ಟರು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡು, ಕೂತು, ಮುಂದಿನ ಕೇಸಿನ ವಾದ ಕೇಳತೊಡಗಿದೆ.